ಎಂಟು ರಾತ್ರಿ, ಒಂಬತ್ತು ಹಗಲು

ಮಾಟುಂಗಾ ಸ್ಟೇಷನ್ನಿನ ಹೂವಿನ ಸಾಲು ದಾಟಿ
ಎರಡನೇ ಮಹಡಿ. ಏಸಿ ಕೋಣೆ. ಪ್ಲಾಸ್ಟಿಕ್ಕಿನ ಪುಟ್ಟ ಪಿರಮಿಡ್ಡು
ರಸೀದಿ ಹಾರದಂತೆ ಕೂತಿದೆ ಭಾರವಾಗಿ.
ತನ್ಮಯ ಸಾಠೆ, ಮೊಮ್ಮಗನಿದ್ದಿದ್ದರೆ ಇಷ್ಟೇ ಪ್ರಾಯ,
ಬೆರಳಿಗೆ ಉಗುಳು ಹಚ್ಚದೆ ಹಾಳೆ ಮಗುಚುತ್ತಾನೆ:
"ಎಂಟು ರಾತ್ರಿ, ಒಂಬತ್ತು ಹಗಲು, ಆಂಟಿ.
ಕೈರೋ, ಲಕ್ಸರ್, ಅಸ್ವಾನ್. ನದಿಯ ಮೇಲೆ ಮೂರು ದಿನ ಹಡಗು.
ಬೆಳ್ಳುಳ್ಳಿ ಆಗದವರಿಗೆ ಬೇರೆ ಮೇಜು."

ನನಗೆ ಬೆಳ್ಳುಳ್ಳಿ ಆಗುತ್ತದೆ. ಮೆಟ್ಟಿಲು ಆಗುವುದಿಲ್ಲ.
ಗೋರಿಯೊಳಗೆ ನಡು ಬಗ್ಗಿಸಿ ಇಳಿಯಬೇಕಂತೆ,
ಅದಕ್ಕೇ ಒಂದು ತಿಂಗಳಿಂದ ಮಂಡಿಗೆ ಎಣ್ಣೆ ತಿಕ್ಕಿ
ಲಿಫ್ಟು ಬಿಟ್ಟು ಹತ್ತಿಳಿಯುತ್ತೇನೆ.
ಕರೆಂಟು ಹೋಗಿದೆಯಾ, ಕೇಳಿದರು ಮೂರನೇ ಮಹಡಿಯ ಪಿಂಟೋ ಮೇಡಂ.

ಮುಲುಂಡಿನಿಂದ ತಮ್ಮನ ಹೆಂಡತಿಯ ಫೋನು:
"ಅಷ್ಟು ದುಡ್ಡಲ್ಲಿ ಕಾಶಿ, ಗಯಾ, ಬದರಿ ಮುಗಿದು
ಒಂದು ಬಳೆಯೂ ಬರುತ್ತಿತ್ತು ಅಕ್ಕಾ.
ಸತ್ತವರನ್ನು ನೋಡಲು ಯಾರಾದರೂ ವಿಮಾನ ಹತ್ತುತ್ತಾರಾ?"
ಸುಮ್ಮನಿರಬೇಕಿತ್ತು ನಾನು.
ಗಯೆಯಲ್ಲಿ ಮತ್ಯಾರಿದ್ದಾರೆ ಮಾರಾಯ್ತಿ, ಅಂದೆ.

ಹೇಗೆ ಹೇಳಲಿ ಅವಳಿಗೆ,
ಇಪ್ಪತ್ತೊಂಬತ್ತು ವರ್ಷ ಫೋರ್ಟಿನ ರಾತ್ರಿಶಾಲೆಯಲ್ಲಿ
ಏಳೂವರೆಯಿಂದ ಹತ್ತರವರೆಗೆ
ಕಾಣದ ನದಿಯೊಂದನ್ನು ಸುಣ್ಣದ ಕಡ್ಡಿಯಲ್ಲಿ ಹರಿಸಿದ್ದೆ ಎಂದು.
ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ, ಮಕ್ಕಳೇ, ನೆನಪಿಡಿ.
ಆಫ್ರಿಕಾದ ನಕ್ಷೆ ಮಡಚಿ ಮಡಚಿ ಹರಿದದ್ದು ಸರಿಯಾಗಿ ಅಲ್ಲೇ,
ಸೆಲೋಟೇಪು ಅಂಟಿಸಿದ್ದೆ. ಅದು ಹಳದಿಗಟ್ಟಿ
ಅದನ್ನೇ ನೈಲ್ ಎಂದು ಬರೆದುಕೊಂಡ ಹುಡುಗರಿದ್ದಾರೆ.

ಹೋಟೆಲಿನಿಂದ ನೇರ ಬರುತ್ತಿದ್ದರು,
ನೀರಲ್ಲಿ ನೆನೆದು ಸುಕ್ಕಾದ ಬೆರಳು,
ನೋಟುಬುಕ್ಕಿನ ಮೂಲೆಗೆ ಸಾಂಬಾರಿನ ಕಲೆ.
ಮೊದಲ ಬೆಂಚಿಗೆ ನಿದ್ದೆ, ಎರಡನೆಯದಕ್ಕೂ ನಿದ್ದೆ,
ಮೂರನೆಯದರಲ್ಲಿ ಐತಪ್ಪ.
ಕಲ್ಲೆಷ್ಟು, ತೂಕವೆಷ್ಟು, ಎಷ್ಟು ವರ್ಷ, ಎಷ್ಟು ಸಾವಿರ ಆಳು,
ಒಪ್ಪಿಸುತ್ತಿದ್ದೆ. ಅವನೆದ್ದು ನಿಂತ:
"ಟೀಚರ್, ಅಷ್ಟೂ ಮಂದಿಗೆ ಅಡುಗೆ ಮಾಡಿದ್ದು ಯಾರು?
ಪಾತ್ರೆ ತೊಳೆದದ್ದು?"

ಯಾರೋ ನಕ್ಕರು. ಗಂಟೆ ಒಂಬತ್ತೂ ಮುಕ್ಕಾಲು.
ಅದು ಪರೀಕ್ಷೆಗಿಲ್ಲ, ಕೂತ್ಕೋ, ಅಂದೆ.
ಕೂತ.
ದೀಪಾವಳಿ ಕಳೆದು ಬರಲಿಲ್ಲ. ನಾಗಪುರ ಅಂದರು,
ವಾಪಿಯಲ್ಲಿ ಯಾವುದೋ ಕ್ಯಾಂಟೀನು ಅಂದರು.
ಹಾಜರಿ ಪುಸ್ತಕದಲ್ಲಿ ಮಾರ್ಚಿನವರೆಗೆ
ಅವನ ಹೆಸರಿನೆದುರು ಚುಕ್ಕೆ ಇಡುತ್ತಾ ಹೋದೆ.

ಹೋದ ವರ್ಷ ಲೈಬ್ರರಿಯಲ್ಲಿ, ರದ್ದಿಗೆ ಕಟ್ಟಿಟ್ಟ ಪತ್ರಿಕೆಯೊಂದರಲ್ಲಿ ಕಂಡೆ:
ಪಿರಮಿಡ್ಡಿನ ತೆಂಕಣ ಬದಿ ಮರಳು ಸರಿಸಿದರೆ ಓಣಿಗಳು,
ರೊಟ್ಟಿ ಸುಟ್ಟ ಗೂಡುಗಳು, ಗಂಟೆಯಂಥ ಮಣ್ಣಿನ ಅಚ್ಚು,
ಮೀನಿನ ಮುಳ್ಳು, ಬೂದಿ.
ಬೂದಿ! ನಾಲ್ಕೂವರೆ ಸಾವಿರ ವರ್ಷದ್ದು.
ಬಂಗಾರದ ಮುಖವಾಡಕ್ಕೆ ಕುಣಿಯದ ಎದೆ
ಅದಕ್ಕೆ ಕುಣಿಯಿತು.

ಸಾಠೆಗೆ ಚೀಟಿ ಕೊಟ್ಟೆ: ಇಲ್ಲಿಗೆ ಅರ್ಧ ದಿನ ಬೇಕು.
ಪರದೆಯಲ್ಲಿ ಹುಡುಕಿದ, ಕತ್ತು ತುರಿಸಿದ, ಯಾರಿಗೋ ಫೋನಿಸಿದ.
"ಅದು ಪ್ಯಾಕೇಜಿನಲ್ಲಿಲ್ಲ, ಆಂಟಿ. ನೋಡಲು ಅಲ್ಲಿ ಏನೂ ಇಲ್ಲ.
ಬದಲಿಗೆ ಅತ್ತರಿನ ಅಂಗಡಿ ಇದೆ, ಸಂಜೆ ಬೆಳಕಿನ ಆಟ."
ಕೂತ್ಕೋ ಅನ್ನಿಸಿಕೊಂಡ ಹಾಗಾಯಿತು.
ಕೂತೇ ಇದ್ದೆನಲ್ಲ, ಎದ್ದು ನಿಂತೆ.
ಅತ್ತರಿನ ದಿನ ನಾನು ಬಸ್ಸಿಳಿಯುತ್ತೇನೆ, ಟ್ಯಾಕ್ಸಿ ನನ್ನ ಖರ್ಚು.
ಬೇಲಿಯಾಚೆಯಿಂದಲೇ ಆಗಲಿ.
ಅವನೊಂದು ಫಾರಂ ತಂದ: ತಪ್ಪಿಸಿಕೊಂಡರೆ ಕಂಪನಿ ಹೊಣೆಯಲ್ಲ.
ಸಹಿ ಹಾಕಿದೆ, ಕನ್ನಡದಲ್ಲಿ, ಪೂರ್ತಿ ಹೆಸರು:
ಕುಸುಮಾವತಿ ಬಾಬು ಸುವರ್ಣ.

ಈಗ ಮಂಚದ ಮೇಲೆ ಸೂಟ್‌ಕೇಸು ಬಾಯಿ ತೆರೆದಿದೆ.
ದಾದರಿನಲ್ಲಿ ಕೊಂಡ ಬೂಟು, ಮುಲಾಮು, ಚಟ್ನಿಪುಡಿ,
ಹಾಕಿಕೊಳ್ಳುವ ಧೈರ್ಯ ಇನ್ನೂ ಬಾರದ ಒಂದು ಟೋಪಿ.
ಇಪ್ಪತ್ತಮೂರು ಕಿಲೋ ಒಯ್ಯಬಹುದು. ತೂಗಿದರೆ ಹದಿನಾಲ್ಕು.
ಉಳಿದ ಒಂಬತ್ತಕ್ಕೆ ಏನು ತುಂಬುವುದೋ ತೋಚದೆ
ಅಡುಗೆಮನೆಗೆ ಹೋದೆ.
ರಾತ್ರಿಯ ಒಂದು ತಟ್ಟೆ, ಒಂದು ಲೋಟ,
ಬೆಳಿಗ್ಗೆ ಬರುವ ಯಮುನಾಬಾಯಿಗೆ ಬಿಡದೆ
ತೊಳೆದೆ.