ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ, ಎದುರುಗಾಳಿ

ಪತಸಂಸ್ಥೆಯ ಪಿಗ್ಮಿ ಏಜೆಂಟ ನಾನು, ಮಲಕಣ್ಣ ಬಿರಾಜದಾರ.
ವಯಸ್ಸು ನಲವತ್ತಮೂರು, ಎದೆಯ ಮೇಲೆ ಎಂಬತ್ತೇಳು.
ನಂಬರಿನ ಬಟ್ಟೆಗೆ ನಾಲ್ಕು ಪಿನ್ನು ಕೊಟ್ಟಿದ್ದರು,
ಒಂದು ಬಿದ್ದುಹೋಗಿ ಮೂಲೆ ಪಟಪಟ ಹೊಡೆದುಕೊಳ್ಳುತ್ತಿತ್ತು.

ಪಕ್ಕದಲ್ಲಿ ಸಾಂಗ್ಲಿಯ ಹುಡುಗರು.
ಕಾಲಿನ ಕೂದಲು ಬೋಳಿಸಿಕೊಂಡವರು,
ಮೀನಖಂಡದಲ್ಲಿ ಹಗ್ಗ ಹೊಸೆದಿಟ್ಟವರು.
ಒಬ್ಬ ತನ್ನ ಸೈಕಲ್ಲನ್ನು ಎರಡೇ ಬೆರಳಲ್ಲಿ ಎತ್ತಿ
ಚಕ್ರ ತಿರುಗಿಸಿ ಕಿವಿಗೊಟ್ಟ,
ಮಗುವಿನ ಎದೆ ಕೇಳುವ ಡಾಕ್ಟರನ ಹಾಗೆ.
ನನ್ನದು ಖಾಜಾಸಾಬ ಮೂರು ಸೈಕಲ್ಲು ಬಿಚ್ಚಿ ಕೂಡಿಸಿದ್ದು.
ಹ್ಯಾಂಡಲ್ಲು ಗುಜರಿಯದು, ಸೀಟು ಅವನ ಮಗಳದು.
"ಬ್ರೇಕ ಭಾಳ ನಂಬಬ್ಯಾಡ," ಅಂದಿದ್ದ,
"ನಿನಗ ಅದರ ಕೆಲಸಾನ ಬೀಳೂದಿಲ್ಲ ಬಿಡು."

ಸೀಟಿ ಊದಿದರು.
ಇಪ್ಪತ್ತು ನಿಮಿಷ ನಾನು ಅವರೊಳಗೇ ಇದ್ದೆ.
ಹೇಗೆ ಹೇಳಲಿ ಅದನ್ನು?
ಆಷಾಢದ ಗಾಳಿ ಸೊಲ್ಲಾಪುರದ ಕಡೆಯಿಂದ
ಹೊಲದ ಮಣ್ಣೆತ್ತಿ ಮುಖಕ್ಕೆ ಎರಚುವ ದಿನ,
ಮೂವತ್ತು ಬೆನ್ನುಗಳ ಹಿಂದೆ ಗಾಳಿಯೇ ಇಲ್ಲ.
ಬಾಗಿಲು ಹಾಕಿದ ಕೋಣೆಯೊಂದು
ರಸ್ತೆಯ ಮೇಲೆ ಓಡುತ್ತಿದೆ,
ಒಳಗೆ ನಾನು ಕೂತಿದ್ದೇನೆ.
ಸರಪಳಿಗಳೆಲ್ಲ ಜೇನಿನಂತೆ ಗುಂಯ್‌ಗುಡುತ್ತವೆ,
ಯಾರದೋ ಬೆವರು ನನ್ನ ತುಟಿಗೆ ಬೀಳುತ್ತದೆ.
ಹದಿನೆಂಟು ವರ್ಷ ಇದೇ ರಸ್ತೆ ತುಳಿದಿದ್ದೇನೆ,
ಇಷ್ಟು ಹಗುರ ಎಂದೂ ಇರಲಿಲ್ಲ.
ಸಾಲದ ಬಲ ಅದು, ಗೊತ್ತಿತ್ತು.
ಪತಸಂಸ್ಥೆಯವನಿಗೆ ಬೇರೆ ಹೇಳಬೇಕೆ.

ವಸೂಲಿ ವಳಸಂಗದ ಈಚಿನ ಏರಿನಲ್ಲಿ ಬಂತು.
ಮುಂದೆ ಯಾರೋ ಎದ್ದು ನಿಂತು ತುಳಿದ.
ಯಾರೂ ಯಾರಿಗೂ ಏನೂ ಹೇಳಲಿಲ್ಲ.
ಮುಂದಿನ ಚಕ್ರಕ್ಕೂ ನನ್ನ ಚಕ್ರಕ್ಕೂ ಗೇಣು ಅಂತರ,
ಆಮೇಲೆ ಮೊಳ,
ಆಮೇಲೆ ಒಂದು ಎತ್ತಿನ ಗಾಡಿ ಹೊರಳಬಹುದಿತ್ತು ನಡುವೆ.
ನಾನು ಎಣಿಸುವುದು ಮರಾಠಿಯಲ್ಲಿ, ಕೆಲಸದ ರೂಢಿ.
ಏಕ್, ದೋನ್, ತೀನ್ ಅನ್ನುತ್ತ ತುಳಿಯುತ್ತಿದ್ದವನು
ಉಸಿರು ಕಟ್ಟಿದ್ದೇ ನಾಕು, ಐದು, ಆರು ಅನ್ನತೊಡಗಿದ್ದೆ.
ಎಂಟಕ್ಕೆ ಅವರು ತಿರುವಿನಲ್ಲಿ ಕಾಣದಾದರು.

ಅಲ್ಲಿಯವರೆಗೆ ಎಲ್ಲಿ ಕಾದಿತ್ತೋ ಗಾಳಿ,
ಪೂರ್ತಿ ನನ್ನೊಬ್ಬನ ಮೇಲೆ ಬಂತು.
ಮೊಳಕೆಯೊಡೆದ ತೊಗರಿ ಸಾಲುಸಾಲಾಗಿ ಬಾಗಿ
ನಾನು ಬಂದ ದಿಕ್ಕನ್ನೇ ತೋರಿಸುತ್ತಿತ್ತು.

ಹಿಂದೆ ಟೆಂಪೊ. ಉಳಿದವರನ್ನು ಬಳಿದುಕೊಂಡು ಹೋಗುವ ಗಾಡಿ.
"ಬಸಾ, ಕಾಕಾ," ಎಂದ ಡ್ರೈವರ.
ಒಳಗೆ ಸಾಂಗ್ಲಿಯವನೊಬ್ಬ, ಮೊಣಕೈ ತರಚಿದವನು,
ಎರಡು ಬೆರಳಲ್ಲಿ ಸೈಕಲ್ಲು ಎತ್ತಿದ್ದವನೇ.
ನನ್ನನ್ನು ನೋಡಲಿಲ್ಲ, ನನ್ನ ಕಾಲು ನೋಡುತ್ತಿದ್ದ.
ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ತಲೆ ಹಾಕಿ
ಗೇರು ಹಗುರ ಮಾಡಿ, ಬೇಗ ಬೇಗ ತಿರುಗಿಸಿ ಅಂದ.
ಮಾಡಿದೆ.
ಟೆಂಪೊ ಮುಂದೆ ಹೋಗಲಿಲ್ಲ. ಬದಿಗೆ ಬಂತು,
ಗಾಳಿ ಬರುವ ಬದಿಗೆ,
ಏನೂ ಅರಿಯದವರ ಹಾಗೆ ನನ್ನ ಜೊತೆ ನಡೆಯಿತು.
ಅದು ನಿಯಮಕ್ಕೆ ವಿರುದ್ಧ. ಸರಿಯಿರಿ ಎಂದು ಕೈ ಬೀಸಿದೆ.
ಸರಿಯಿತು.
ಕುಂಭಾರಿ ಬರುವವರೆಗೂ ನನ್ನನ್ನೇ ಬೈದುಕೊಂಡೆ.

ಸೊಲ್ಲಾಪುರದಲ್ಲಿ ಕಮಾನು ಇಳಿಸಿಯಾಗಿತ್ತು.
ಇಬ್ಬರು ಬ್ಯಾನರು ಹಿಡಿದು ಸೀರೆಯಂತೆ ಮಡಚುತ್ತಿದ್ದರು,
ನಾನು ಬಂದಾಗ ಒಬ್ಬ ತನ್ನ ತುದಿ ಎತ್ತಿ ದಾರಿ ಬಿಟ್ಟ.
ಗಡಿಯಾರದವ ಚಹಾಕ್ಕೆ ಹೋಗಿದ್ದ.
ನೆಲದ ಸುಣ್ಣದ ಗೆರೆ ಚಕ್ರಗಳಿಗೆ ಅಂಟಿಕೊಂಡು
ಊರೆಲ್ಲ ಹೋಗಿಬಿಟ್ಟಿತ್ತು.
ಅಂದಾಜಿನ ಮೇಲೆ ದಾಟಿದೆ.

ಸೋಮವಾರ, ಬಳೆ ಅಂಗಡಿಯ ನೀಲವ್ವ:
"ಎಷ್ಟನೇ ನಂಬರ ಬಂದಿ?"
"ಐವತ್ತೆಂಟು."
"ಎಷ್ಟ ಮಂದಿ ಇದ್ರಿ?"
ಪಾವತಿ ಹರಿದೆ. ಇಪ್ಪತ್ತು ರೂಪಾಯಿ, ತಾರೀಖು, ಸಹಿ.
"ಇದ್ರು," ಅಂದೆ, "ಭಾಳ ಮಂದಿ."