ಹದಿನೆಂಟನೇ ಸೀನು

ನಾ ಬರದಿದ್ದು ಹಿಂಗಿತ್ತು, ರೂಲಿನ ಹಾಳಿಯೊಳಗ,
ಎಡಕ್ಕ ದೃಶ್ಯ, ಬಲಕ್ಕ ಮಾತು:
ಗದಗ ಸ್ಟೇಶನ್ನು. ಮುಂಜಾನೆ. ಏಳು ವರ್ಷದ ಮ್ಯಾಲೆ
ಬಂದ ಗಂಡ ಮನಿ ಕೀಲಿ ಕೇಳತಾನ.
ಆಕಿ ಸೆರಗಿನ ಗಂಟು ಮುಟ್ಟಿ ನೋಡಿಕೊಂಡು ಅಂತಾಳ,
"ಕೀಲಿ ಕೊಡೂದಿಲ್ಲ. ಬಂದು ಬಾಗಲಾ ಬಡಿ.
ತಗೀಬೇಕನಿಸಿದ್ರ ತಗೀತೀನಿ."

ಇದಕ್ಕ ನನಗ ಮುನ್ನೂರು ರೂಪಾಯಿ,
ಮ್ಯಾಲೆ ಊಟ, ಧಾರವಾಡದಿಂದ ಹೋಗಿಬರೂ ಬಸ್ ಚಾರ್ಜು.

ಗದಗ ಸ್ಟೇಶನ್ನಿಗೆ ಪರವಾನಗಿ ಸಿಗಲಿಲ್ಲ.
ಕುಂದಗೋಳಕ್ಕ ಗದಗ ಅಂತ ಬೋರ್ಡ್ ಹೊಡದು
ಮುಂಜಾನೀನ್ನ ಸಂಜೀಕ ತಗದ್ರು.
ಸೆರಗಿನ ಗಂಟು ಹೀರೋಯಿನ್ನಿಗೆ ಬಿಚ್ಚಾಕ ಬರಲಿಲ್ಲ,
ಕೀಲಿ ಕೈಯಾಗ ಕೊಟ್ರು.
"ತಗೀತೀನಿ" ಅನ್ನೂದಕ್ಕ ಹನ್ನೊಂದು ಸಲ ಎಡವಿ
ಹನ್ನೆರಡನೇದಕ್ಕ ಆಕಿ ನಮ್ಮಾಕಿಯಂಗ ಅಂದ್ಲು.

ಹುಬ್ಬಳ್ಳಿಯೊಳಗ ಮೊದಲನೇ ದಿನ, ಮೊದಲನೇ ಆಟ.
ಆಕಿ ಬಾಯಿ ತಗದ್ಲು. ನಾ ಕುರ್ಚಿ ತುದೀಗೆ ಬಂದೆ.
ತುಟಿ ನನ್ನ ಮಾತಿಗೆ ಅಳ್ಳಾಡತಿದ್ವು, ದನಿ ಮದ್ರಾಸಿಂದು:
"ನೀವು ಯಾವಾಗ ಬಂದರೂ ಈ ಮನೆಯ ಬಾಗಿಲು ತೆರೆದೇ ಇರುತ್ತೆ."
ತುಟಿ ನಿಂತ ಮ್ಯಾಲೂ ಮಾತು ನಡದಿತ್ತು,
ಗಾಡಿ ಹ್ವಾದ ಮ್ಯಾಲೂ ಕೈ ಬೀಸಿದಂಗ.
ಹೆಣಮಕ್ಕಳ ಕಡೆ ಯಾರೋ ಮೂಗು ಸೀಟಿದ್ರು.

ಎರಡನೇ ವಾರಕ್ಕ ಪಿಚ್ಚರ ಉದ್ದ ಆತು ಅಂದ್ರಂತ ವಿತರಕರು.
ಆಕಿ ಮಾತ ಹೋತು. ಕೀಲಿ ಕೈಯಿಂದ ಜಾರಿ
ಬಿತ್ತು, ಬೀಳತಾನ ಇತ್ತು, ಪಿಟೀಲು ಬಾರಿಸಿದ್ರು,
ನೆಲಾ ಮುಟ್ಟೂದರೊಳಗ ಬ್ಯಾರೆ ಊರು ಬಂದಿತ್ತು.

ಮುಂದ ಎಷ್ಟೋ ವರ್ಷಕ್ಕ ಟೀವಿಯೊಳಗ:
ಗಂಡ ಕೈ ಚಾಚಿದ. ಆ ಚಾಚಿದ ಕೈಯಾಗ
ಒಂದು ಅರಿವಿ ಸಾಬಾಣ ಬಂದು ಕುಂತಿತು.

ಎಲ್ಲಾದರಕಿಂತ ಮಾಬೂಸಾಬನ ಪ್ರಿಂಟು ಬ್ಯಾರೆ.
ಗದಗಿನ ಥೇಟರಿಗೆ ಬರೂದರೊಳಗ ಮೈತುಂಬ ಗೀರು,
ಮೂರು ಕಡೆ ಹರದ ರೀಲು. ಅಂವ ಬ್ಲೇಡಿನಿಂದ ಕೊರದು
ಅಂಟು ಹಚ್ಚಿ ಕೂಡಿಸಿದ್ದ:
ಆಕಿ ಬಾಯಿ ತಗೀತಾಳ,
ಗಾಡಿ ಹೋಗಿಬಿಟ್ಟೈತಿ. ಖಾಲಿ ಫ್ಲಾಟಫಾರ್ಮು. ಒಂದು ನಾಯಿ.
"ಇದ ಬೇಶ್ ನೋಡ್ರಿ," ಅಂದ ಮಾಬೂಸಾಬ, ಬೀಡಿ ಆರಿಸಿ,
"ಏನಂದ್ಲು, ಏನಂದ್ಲು ಅಂತ ಮಂದಿ
ಮಿರ್ಚಿ ಅಂಗಡಿ ಮುಟ್ಟೂತನಕ ಜಗಳಾಡತಾರ."

ಹೇಳಲಿಲ್ಲ ನಾ ಅವಗ, ಆಕಿ ನಮ್ಮ ಚಿಗವ್ವ ಅಂತ.
ನಿಂಬೆವ್ವ. ಬೆಟಗೇರಿಯೊಳಗ ಮಗ್ಗದ ಮನಿ.
ಆ ಪ್ರಿಂಟ ಆಕಿಗೆ ತೋರಿಸಿದೆ ಒಂದಿನ.
ಆಟ ಬಿಟ್ಟ ಮ್ಯಾಲೆ ಕೇಳಿದೆ, ಅವತ್ತ ಏನಂದಿ?
"ಕೀಲಿ ಎಲ್ಲಿದ್ವೋ ಆವಾಗ? ನಮ್ಮನಿಗೆ ಅಗಳಿ ಇತ್ತು,"
ಅಂದ್ಲು ಚಿಗವ್ವ, ಚಪ್ಪಲಿ ಹುಡಕ್ಕೋತ.

ಖರೆ ಹೇಳತೀನಿ: ಆ ಸೀನಿನೊಳಗ ಒಬ್ಬ ಹುಡುಗ ಇದ್ದ.
ಒಂಬತ್ತು ವರ್ಷದಾಂವ, ಚಡ್ಡಿ ಗುಂಡಿ ಹರದಾಂವ,
ಚಿಗವ್ವನ ಸೆರಗು ಹಿಡಕೊಂಡಾಂವ.
ಯಾವ ಪ್ರಿಂಟಿನ್ಯಾಗೂ ಇಲ್ಲ ಅಂವ.
ಮದ್ರಾಸಿನವರಲ್ಲ, ವಿತರಕರಲ್ಲ, ಮಾಬೂಸಾಬನ ಬ್ಲೇಡೂ ಅಲ್ಲ,
ಅವನ್ನ ಮೊದಲ ಕತ್ತರಿಸಿದಾಂವ ನಾನ, ಪೆನ್ನು ಹಿಡದು,
ಯಾಕಂದ್ರ ಅವಗ ಏನೂ ಕೇಳಿಸಿದ್ದಿಲ್ಲ.
ಆ ಕಡೆ ಲೈನಿನ್ಯಾಗ ಗೂಡ್ಸ್ ಗಾಡಿ ಹಾಯತಿತ್ತು,
ಅಂವ ಡಬ್ಬಿ ಎಣಸಾಕ ಹತ್ತಿದ್ದ.

ಇದನ್ನೂ ಹೇಳಿದೆ ಆಕಿಗೆ, ಟಾಂಗಾದಾಗ ಕುಂತು.
ನಲವತ್ತೊಂದು ಡಬ್ಬಿ, ಅಷ್ಟ ನೆನಪೈತಿ ನನಗ, ಅಂದೆ.
ಎಲಿಗೆ ಸುಣ್ಣ ಹಚ್ಚೂದು ನಿಲ್ಲಿಸಿದ್ಲು ಚಿಗವ್ವ.
"ನಲವತ್ತೆರಡು," ಅಂದ್ಲು.
"ಕಡೀ ಡಬ್ಬಿ ನೀ ಬಿಟ್ಟಿ."