ನಂಬರಿಲ್ಲದ ಫ್ರೀಜರು

ಕೊಳ್ಳೂದು ಅಂದ್ರ ಬಂಡವಾಳ ವೆಚ್ಚ:
ಮಂಡಳಿ, ಸಚಿವಾಲಯ, ಆರ್ಥಿಕ ಇಲಾಖೆ,
'ಸ್ಪಷ್ಟೀಕರಣದೊಂದಿಗೆ ಮರುಮಂಡಿಸಿ' ಅಂತ ವಾಪಸು
ಬಾಗಲಕೋಟೆಗೆ, ನನ್ನ ಟೇಬಲ್ಲಿಗೆ.
ಸಾಲ ತರೂಹಂಗಿಲ್ಲ.
ಠೇವಣಿ ಬ್ಯಾಂಕಿನ್ಯಾಗ ಬಡ್ಡಿ ಹಡೀತದ, ಮುಟ್ಟೂಹಂಗಿಲ್ಲ.
ಬಾಡಿಗಿ ಅಂದ್ರ ಬರೇ ನನ್ನ ಸಹಿ.

ಹಂಗಾಗಿ ದಾನಮ್ಮ ಮೇಡಂ ಅವರ ಲ್ಯಾಬಿನ್ಯಾಗ
ಬಾಡಿಗಿ ಫ್ರೀಜರು ಕುಂತದ, ಮೈನಸ್ ಎಂಬತ್ತು,
ಹೊಟ್ಟಿತುಂಬ ದಾಳಿಂಬರಿಯ ದುಂಡಾಣು,
ಕಲಾದಗಿಯಿಂದ ಕುಷ್ಟಗಿತನಕ
ಒಂದೊಂದs ಎಲಿ ಆರಿಸಿ ತಂದದ್ದು.

ನಿನ್ನೆ ಸುಮ್ಮನ ಕೂಡಿಸಿ ನೋಡಿದೆ:
ಐವತ್ಮೂರು ತಿಂಗಳ ಬಾಡಿಗಿ
ಅದರ ಬೆಲೆಯ ಒಂದೂವರಿ ಪಟ್ಟು.
ಆಡಿಟಿನವರು ಪ್ರತಿ ಬಿಲ್ಲಿಗೂ
ಹಸಿರು ಟಿಕ್ಕು ಹಾಕ್ಯಾರ. ತಪ್ಪೇನಿಲ್ಲ.

ಸ್ಟೋರಿನ ಗೈಬುಸಾಬ
ಕುರ್ಚಿ, ಕಪಾಟು, ಕಸದಬುಟ್ಟಿಗೂ
ಬಿಳಿ ಬಣ್ಣದಾಗ ನಂಬರು ಬರದಾಂವ.
ಮುಂದಿನ ತಿಂಗಳ ರಿಟೈರು.
ಇವತ್ತು ಫ್ರೀಜರಿನ ಬೆನ್ನಿಗೆ, ಗೋಡಿ ಕಡೆ,
ಸೀಮೆಸುಣ್ಣದಾಗ ಏನೋ ಗೀಚಿ ಹೋದ.
ಬಗ್ಗಿ ನೋಡಿದೆ:
ದಾಸ್ತಾನು ವಹಿಯ ಮುಂದಿನ ನಂಬರು,
ಒಂದೂ ತಪ್ಪಿಲ್ಲ.

ಈ ತಿಂಗಳ ಬಾಡಿಗಿಗೆ ಸಹಿ ಮಾಡಿ
ಕಸ ಹೊಡಿಯೋ ಯಲ್ಲವ್ವಗ ಹೇಳಿ ಬಂದೆ:
ಆ ಕಡೆ ಒರಸಬ್ಯಾಡ.